ಖಡಕಿಯಲ್ಲಿ ನುಡಿ, ದೌಂಡಿನಲ್ಲಿ ಕಿವಿ

1927ನೆಯ ಇಸವಿಯಲ್ಲಿ, ಪುಣೆಗೆ ಹೊಂದಿಕೊಂಡಿರುವ ಖಡಕಿಯ ದಂಡುಪ್ರದೇಶದಿಂದ ಇಂಗ್ಲೆಂಡಿಗೆ ನಿಸ್ತಂತು ವಾರ್ತೆಗಳು ಹೋಗತೊಡಗಿದಾಗ, ಆ ವಾರ್ತೆಗಳಿಗೆ ಬರುತ್ತಿದ್ದ ಪ್ರತ್ಯುತ್ತರವನ್ನು ಆಲಿಸುವ ಯಂತ್ರವು ಖಡಕಿಯಲ್ಲಿ ಇರಲಿಲ್ಲವೆಂಬುದು ಇಂದಿನವರಿಗೆ ವಿಚಿತ್ರವಾಗಿ ತೋರೀತು. ನುಡಿಯುವ ಯಂತ್ರ ಖಡಕಿಯಲ್ಲಿ; ಕೇಳುವ ಯಂತ್ರ ಅಲ್ಲಿಂದ ಸುಮಾರು 80 ಕಿಲೋಮೀಟರು ಪೂರ್ವಕ್ಕೆ, ಭೀಮಾ ನದಿಯ ದಂಡೆಯ ರೈಲುಸಂಧಿಯಾದ ದೌಂಡಿನಲ್ಲಿ. ದೌಂಡನ್ನು ಹಾಯುವ ಆ ಭೀಮೆಯೇ ಮುಂದೆ ನಮ್ಮ ವಿಜಯಪುರ, ಕಲಬುರಗಿಗಳ ನೆಲವನ್ನು ತೋಯಿಸಿ ಕೃಷ್ಣೆಯನ್ನು ಸೇರುವಳೆಂಬುದನ್ನು ಕನ್ನಡದ ಓದುಗರಿಗೆ ನೆನಪಿಸಬೇಕಾಗಿಲ್ಲ. ಆಚೆಯ ಇಂಗ್ಲೆಂಡಿನಲ್ಲಿಯೂ ಇದೇ ಏರ್ಪಾಡು: ಗ್ರಿಮ್ಸ್‌ಬಿಯ ಸಮೀಪದಿಂದ ಪ್ರೇಷಣ, ಸ್ಕೆಗ್ನೆಸ್‌ನ ಸಮೀಪ ಗ್ರಹಣ. ಮಾರ್ಕೋನಿ ಸಂಸ್ಥೆಯ ಫ್ರಾಂಕ್ಲಿನ್ ಎಂಬ ತಂತ್ರಜ್ಞನು ರೂಪಿಸಿದ ಈ ‘ಬೀಮ್’ ಪದ್ಧತಿಯಲ್ಲಿ ಹ್ರಸ್ವತರಂಗಗಳನ್ನು ದೀಪದ ಕಿರಣದಂತೆ ಒಂದೇ ದಿಕ್ಕಿಗೆ ಕಟ್ಟಿ ಕಳುಹಿಸುತ್ತಿದ್ದುದರಿಂದ, ಅದುವರೆಗಿನ ದೀರ್ಘತರಂಗ ನಿಲಯಗಳಿಗೆ ಬೇಕಾಗುತ್ತಿದ್ದ ಅಪಾರ ವಿದ್ಯುಚ್ಛಕ್ತಿಯ ಅಲ್ಪಾಂಶದಿಂದಲೇ ಸಮುದ್ರಗಳಾಚೆಗೆ ಮಾತು ಮುಟ್ಟುತ್ತಿತ್ತು.

ಎರಡು ಯಂತ್ರಗಳನ್ನು ಇಷ್ಟು ದೂರ ದೂರ ಇಟ್ಟುದೇಕೆ? ತನ್ನ ಮಗ್ಗುಲಲ್ಲಿಯೇ ಒಬ್ಬನು ಗಂಟಲು ಹರಿಯುವಂತೆ ಕೂಗುತ್ತಿರುವಾಗ ದೂರದ ಗುಡ್ಡದ ಮೇಲಿನವನ ಪಿಸುಮಾತನ್ನು ಯಾವ ಕಿವಿಯೂ ಹಿಡಿಯಲಾರದು. ಕೂಗುವುದು ಸುಲಭ, ಕೇಳುವುದು ಕಷ್ಟ. ನಿಸ್ತಂತು ವಿದ್ಯೆಯ ಸಮಗ್ರ ಚರಿತ್ರೆಯನ್ನೂ ಈ ಒಂದು ಸೂತ್ರದ ಮೇಲೆ ಹೆಣೆಯಬಹುದೆಂದು ನಾನು ನಂಬಿದ್ದೇನೆ. ಮತ್ತು ನಮ್ಮ ಈ ಪುಣೆಯ ಮಕ್ಕಳೂ ದೊಡ್ಡವರೂ ಮೈದಾನಗಳಲ್ಲಿ ಓಡಿಸುವ ಗೇಣುದ್ದದ ಮೋಟಾರು ಗಾಡಿಗಳ ವಿಷಯದಲ್ಲಿಯೂ, ಖಡಕಿ ದೌಂಡುಗಳ ಮಹಾಯಂತ್ರಗಳ ವಿಷಯದಲ್ಲಿ ಹೇಗೋ ಹಾಗೆಯೇ, ಈ ಸೂತ್ರವು ಅಕ್ಷರಶಃ ಸಲ್ಲುತ್ತದೆ. ಗಾಡಿಯ ಜೊತೆಗೆ ಯಾವ ‘ರಿಮೋಟ್’ ಕೊಳ್ಳಬೇಕು ಎಂದು ನನ್ನನ್ನು ಕೇಳುವವರೆಲ್ಲರೂ ಕೈಯಲ್ಲಿ ಹಿಡಿಯುವ ಪ್ರೇಷಕವನ್ನು ಕುರಿತೇ ಕೇಳುತ್ತಾರೆ. ಗಾಡಿಯ ಹೊಟ್ಟೆಯೊಳಗೆ ಅಡಗಿ ಕುಳಿತಿರುವ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಗ್ರಾಹಕವನ್ನು ಕುರಿತು ಕೇಳಿದವರು ವಿರಳ. ಈ ಲೇಖನದ ಹುಟ್ಟಿಗೆ ಆ ವಿರಳತೆಯೇ ಕಾರಣ.

ದೂರದಿಂದ ವಾಹನವನ್ನು ನಡೆಸುವ ಆಸೆಗೆ ವಯಸ್ಸಾಗಿದೆ. 1895ರಲ್ಲಿ ಜಗದೀಶಚಂದ್ರ ಬೋಸರು ಕಲಕತ್ತೆಯಲ್ಲಿ ಸಭಿಕರ ಎದುರಿಗೆ, ನಡುವೆ ಗೋಡೆಗಳಿದ್ದರೂ, ಅದೃಶ್ಯ ತರಂಗಗಳಿಂದ ಗಂಟೆ ಬಾರಿಸಿ ಮದ್ದಿನ ಪುಡಿಯನ್ನು ಸಿಡಿಸಿ ತೋರಿಸಿದರು. 1898ರಲ್ಲಿ ನಿಕೋಲಾ ಟೆಸ್ಲಾ ಎಂಬ ವಿಜ್ಞಾನಿಯು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನ ಪ್ರದರ್ಶನದಲ್ಲಿ, ನೀರಿನ ತೊಟ್ಟಿಯಲ್ಲಿ ಒಂದು ಪುಟ್ಟ ದೋಣಿಯನ್ನು ತಂತಿಯ ಸಂಬಂಧವಿಲ್ಲದೆ ತಿರುಗಿಸಿ, ನಿಲ್ಲಿಸಿ, ಅದರ ದೀಪಗಳನ್ನು ಹಚ್ಚಿ ಆರಿಸಿದನು. ಬೋಸರ ಗಂಟೆ ಬಾರಿಸಿ ಸುಮ್ಮನಾಯಿತು; ಟೆಸ್ಲಾನ ದೋಣಿ ಮಾತ್ರ ಮತ್ತೆ ಮತ್ತೆ ಅಪ್ಪಣೆ ಕೇಳಿ ನಡೆಯಿತು. ಆಟದ ವಾಹನಗಳ ವಂಶವೃಕ್ಷದ ಬೇರು ಆ ದೋಣಿಯಲ್ಲಿಯೇ ಇದೆ. ಅದರ ಗ್ರಾಹಕವು ಲೋಹದ ರಜವನ್ನು ತುಂಬಿದ ಒಂದು ನಳಿಗೆ. ಹತ್ತಿರದಲ್ಲಿ ಯಾವ ಕಿಡಿ ಹಾರಿದರೂ ಅದು ಎಚ್ಚರಗೊಳ್ಳುತ್ತಿತ್ತು. ಯಾರು ಕೂಗಿದರೂ ಓಗೊಡುವ ಕಿವಿ ಅದು, ತನ್ನವರ ದನಿಯನ್ನು ಗುರುತಿಸುವ ಕಿವಿಯಲ್ಲ.

ನಮ್ಮ ದೇಶದಲ್ಲಿ ಈ ಹವ್ಯಾಸವು ತಡವಾಗಿ ಬೇರೂರಿದುದಕ್ಕೆ ಕಾನೂನು ಒಂದು ಕಾರಣ, ಸುಂಕ ಮತ್ತೊಂದು. 1933ರ ನಿಸ್ತಂತು ಅಧಿನಿಯಮದ ಪ್ರಕಾರ ಪರವಾನಗಿಯಿಲ್ಲದೆ ನಿಸ್ತಂತು ಉಪಕರಣವನ್ನು ಇಟ್ಟುಕೊಳ್ಳುವುದೇ ಅಪರಾಧವಾಗಿತ್ತು. ಪ್ರೇಷಕದ ಮಾತಂತಿರಲಿ, ಮನೆಯಲ್ಲಿ ಹಾಡು ಕೇಳುವ ರೇಡಿಯೋ ಪೆಟ್ಟಿಗೆಗೂ ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಹಣ ಕಟ್ಟಿ ಲೈಸೆನ್ಸಿನ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದ ಕಾಲವನ್ನು ನನ್ನ ಓರಗೆಯವರು ಮರೆತಿರಲಾರರು. ಆದರೂ ಉತ್ಸಾಹಕ್ಕೆ ಕೊರತೆಯಿರಲಿಲ್ಲ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ಸ್ವಂತ ಮನೆಯಲ್ಲಿಯೇ ಪ್ರೇಷಕವನ್ನು ನಿಲ್ಲಿಸಿ ಬಾನುಲಿ ಆರಂಭಿಸಿದ್ದು, ಅದಕ್ಕಿಟ್ಟ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಸಂದದ್ದು, ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ. ಪುಣೆಗೆ ಆಕಾಶವಾಣಿಯ ನಿಲಯ ಬಂದುದು 1953ರಲ್ಲಿ. ಆದರೆ ಕೇಳುಗರಿಗೆ ಹಾಡು ಕಳುಹಿಸುವ ಪ್ರೇಷಕ ಬೇರೆ, ಗಾಡಿಗೆ ಅಪ್ಪಣೆ ಕಳುಹಿಸುವ ಪ್ರೇಷಕ ಬೇರೆ. ಎರಡನೆಯದನ್ನು ಕೈಯಲ್ಲಿ ಹಿಡಿದ ಭಾಗ್ಯವಂತರು ಆ ದಶಕಗಳಲ್ಲಿ ಈ ಊರಿನಲ್ಲಿ ಎಷ್ಟೋ ಕಡಮೆ. ಎನ್.ಸಿ.ಸಿ. ವಾಯುದಳದ ವಿದ್ಯಾರ್ಥಿಗಳು ಸಹ ಆಟದ ವಿಮಾನಕ್ಕೆ ಎರಡು ಉಕ್ಕಿನ ತಂತಿ ಕಟ್ಟಿ, ತಾವು ನಡುವೆ ನಿಂತು ಸುತ್ತುತ್ತ ಅದನ್ನು ಹಾರಿಸುವುದನ್ನೇ ಮೊದಲು ಕಲಿಯುತ್ತಿದ್ದರು.

ವಿದೇಶಗಳಲ್ಲಿ ಅಷ್ಟರೊಳಗೆ ಈ ವಿದ್ಯೆಯು ಬಹುದೂರ ಸಾಗಿತ್ತು. ಮೊದಲ ಕಾಲದ ಪ್ರೇಷಕದಲ್ಲಿ ಇದ್ದುದು ಒಂದೇ ಗುಂಡಿ. ವಾಹನದೊಳಗೆ ರಬ್ಬರಿನ ಹುರಿಯನ್ನು ತಿರುಚಿ ಅದರ ಬಲದಿಂದ ಚುಕ್ಕಾಣಿಯನ್ನು ತಿರುಗಿಸುವ ಎಸ್ಕೇಪ್‌ಮೆಂಟ್ ಎಂಬ ಚಿಕ್ಕ ಯಂತ್ರವಿರುತ್ತಿತ್ತು. ಗುಂಡಿಯನ್ನು ಒತ್ತಿ ಹಿಡಿದರೆ ಎಡ, ಬಿಟ್ಟರೆ ನೇರ, ಮತ್ತೆ ಒತ್ತಿದರೆ ಬಲ, ಬಿಟ್ಟರೆ ಪುನಃ ನೇರ. ಹಿಂದಿನ ಸಲ ಯಾವ ಕಡೆಗೆ ತಿರುಗಿಸಿದೆನೆಂಬುದನ್ನು ನಡೆಸುವವನೇ ನೆನಪಿಟ್ಟುಕೊಳ್ಳಬೇಕು. ಮರೆತನಾದರೆ ಗಾಡಿ ಹೊಂಡಕ್ಕೆ. 1960ರ ದಶಕದಲ್ಲಿ ಬಂದ ಪದ್ಧತಿಯಲ್ಲಿ ಕೈ ಎಷ್ಟು ಹೊರಳಿತೋ ಚಕ್ರವೂ ಅಷ್ಟೇ ಹೊರಳುವಂತಾಯಿತು. ಅದರ ರಹಸ್ಯ ಸರಳವಾದುದು. ಪ್ರೇಷಕವು ಸೆಕೆಂಡಿಗೆ ಸುಮಾರು 50 ಸಲ ಒಂದು ಸ್ಪಂದವನ್ನು ಕಳುಹಿಸುತ್ತದೆ. ಆ ಸ್ಪಂದದ ಉದ್ದ ಒಂದೂವರೆ ಮಿಲಿಸೆಕೆಂಡಾದರೆ ಚಕ್ರ ನೇರ, ಒಂದು ಮಿಲಿಸೆಕೆಂಡಿಗೆ ಕುಗ್ಗಿದರೆ ಒಂದು ಕಡೆಯ ಕೊನೆ, ಎರಡಕ್ಕೆ ಹಿಗ್ಗಿದರೆ ಇನ್ನೊಂದು ಕಡೆಯ ಕೊನೆ. ಸರ್ವೊ ಎಂಬ ಪುಟ್ಟ ಮೋಟಾರು ಆ ಉದ್ದವನ್ನು ಅಳೆದು ತೋಳನ್ನು ತಿರುಗಿಸುತ್ತದೆ. ಇಂದಿನ ಅಂಗಡಿಗಳಲ್ಲಿ ಸಿಕ್ಕುವ ಸರ್ವೊಗಳಲ್ಲಿಯೂ ಆ ಅಳತೆಯೇ ನಡೆದು ಬಂದಿದೆ. ಅರ್ಧ ಶತಮಾನಕ್ಕೂ ಮಿಕ್ಕಿ ಬದಲಾಗದೆ ಉಳಿದ ಇಂತಹ ಒಪ್ಪಂದವು ವಿದ್ಯುನ್ಮಾನ ಲೋಕದಲ್ಲಿ ಅಪರೂಪ.

ಸರ್ವೊ ಸರಿಯಾಯಿತು, ಕಿವಿಯ ತೊಡಕು ಉಳಿಯಿತು. ಅದನ್ನು ನಾನು ಪುಸ್ತಕದಿಂದಲ್ಲ, ನಮ್ಮ ವಠಾರದ ಅಂಗಳದಲ್ಲಿ ಕಲಿತೆ. 1990ರ ದಶಕದ ಕೊನೆಯ ಒಂದು ದೀಪಾವಳಿಗೆ ಧಾರವಾಡದಿಂದ ಬಂದಿದ್ದ ನನ್ನ ಸೋದರಳಿಯನಿಗೆ ಕೆಂಪು ಬಣ್ಣದ ಒಂದು ರಿಮೋಟ್ ಜೀಪು ಕೊಡಿಸಿದ್ದೆ. ಎದುರು ಮನೆಯ ಹುಡುಗನಲ್ಲಿಯೂ ಅಂಥದೇ ಒಂದಿತ್ತು. ಎರಡೂ ಒಟ್ಟಿಗೆ ಅಂಗಳಕ್ಕೆ ಇಳಿದುವೋ ಇಲ್ಲವೋ, ಅಳಿಯ ಓಡಿ ಬಂದು, “ಮಾಮಾ, ನಾ ಏನೂ ಮಾಡಿಲ್ಲ, ಅದ ತಾನ ಹೊಂಟದ ನೋಡ್ರಿ!” ಎಂದು ಗಾಬರಿಯಿಂದ ಕೂಗಿದ. ಜೀಪು ಎದುರು ಮನೆಯವನ ಅಪ್ಪಣೆಯಂತೆ ತುಳಸಿಕಟ್ಟೆಗೆ ಹೋಗಿ ಡಿಕ್ಕಿ ಹೊಡೆಯುತ್ತಿತ್ತು. ಎರಡು ಪ್ರೇಷಕಗಳನ್ನೂ ಬಿಚ್ಚಿ ನೋಡಿದೆ. ಒಂದೊಂದರಲ್ಲಿಯೂ ಬೆರಳಿನ ಉಗುರಿನಷ್ಟು ದೊಡ್ಡದಾದ, ಎರಡು ಕಾಲುಗಳ, ತವರದ ಹೊದಿಕೆಯ ಕ್ರಿಸ್ಟಲ್, ಎಂದರೆ ಸ್ಫಟಿಕ. ಅದರ ನೆತ್ತಿಯ ಮೇಲೆ ಸಣ್ಣ ಅಂಕೆಗಳಲ್ಲಿ 27.145. ಎರಡೂ ಒಂದೇ ಆವೃತ್ತಿಯಲ್ಲಿ ಕೂಗುತ್ತಿದ್ದುವು.

ಮರುದಿನ ಅಳಿಯನನ್ನು ಕರೆದುಕೊಂಡು ಬುಧವಾರ ಪೇಟೆಯ ಪಾಸೋಡ್ಯಾ ವಿಠೋಬನ ಗುಡಿಯ ಕಡೆಗೆ ಹೊರಟೆ. ಆ ಗುಡಿಯ ಸುತ್ತಲಿನ ಓಣಿಗಳೂ ಅದಕ್ಕೆ ದೂರವಲ್ಲದ ತಾಪಕೀರ ಗಲ್ಲಿಯೂ ಪುಣೆಯ ಬಾನುಲಿ ಪ್ರಿಯರ ಪಾಲಿಗೆ ಯಾತ್ರಾಸ್ಥಳವಿದ್ದಂತೆ. ಎದೆಯೆತ್ತರದ ಕಟ್ಟೆಯ ಹಿಂದೆ ನೂರಾರು ಸಣ್ಣ ಡಬ್ಬಿಗಳು, ಬೆಸುಗೆಯ ರಾಳದ ವಾಸನೆ, ಕಾಲೇಜು ಹುಡುಗರ ನೂಕುನುಗ್ಗಲು. ಅಂಗಡಿಯಾತ ಕ್ರಿಸ್ಟಲ್ ಎಂಬ ಮಾತು ಕೇಳಿದೊಡನೆ, “ಜೋಡಿ ಪಾಹಿಜೆ ಕಾ?” ಎಂದು ಮರಾಠಿಯಲ್ಲಿ ಕೇಳಿದ. ಜೋಡಿ ಬೇಕೇ ಎಂಬ ಆತನ ಪ್ರಶ್ನೆಯ ಅರ್ಥ ನನಗೆ ಆಗ ಹೊಳೆಯಲಿಲ್ಲ. ಒಂದೇ ಸಾಕೆಂದು ತಂದು, ಪ್ರೇಷಕದಲ್ಲಿದ್ದುದನ್ನು ಬೆಸುಗೆ ಬಿಡಿಸಿ ತೆಗೆದು ಹೊಸದನ್ನು ಕೂಡಿಸಿದೆ. ಆದರೂ ಜೀಪುಗಳೆರಡೂ ಮೊದಲಿನಂತೆಯೇ ಪರರ ಅಪ್ಪಣೆಗೆ ಓಡಿದುವು. ಆಗ ಜೀಪಿನ ಹೊಟ್ಟೆ ಬಿಚ್ಚಿದೆ. ಗ್ರಾಹಕದ ಹಲಗೆಯ ಮೇಲೆ ಸ್ಫಟಿಕವೇ ಇರಲಿಲ್ಲ! ಒಂದು ತಾಮ್ರದ ಸುರುಳಿ, ಒಂದೆರಡು ಟ್ರಾನ್ಸಿಸ್ಟರುಗಳು, ಅಷ್ಟೆ. ಅಗ್ಗದ ಆಟಿಕೆಗಳಲ್ಲಿ ಹಾಕುವ ‘ಸೂಪರ್ ರೀಜನರೇಟಿವ್’ ಗ್ರಾಹಕವದು: ಅಲ್ಪ ವೆಚ್ಚದಲ್ಲಿ ಅದ್ಭುತವಾದ ಸೂಕ್ಷ್ಮಶ್ರವಣವುಳ್ಳದ್ದು, ಆದರೆ ಟೆಸ್ಲಾನ ಲೋಹರಜದ ನಳಿಗೆಯಂತೆ, ಆಸುಪಾಸಿನ ಆವೃತ್ತಿಗಳಲ್ಲಿ ಯಾರು ಕೂಗಿದರೂ ಓಗೊಡುವಂಥದು. ನಾನು ಬಾಯನ್ನು ಬದಲಿಸಿದ್ದೆ, ಬದಲಿಸಬೇಕಾಗಿದ್ದುದು ಕಿವಿಯನ್ನು.

ಅಂಗಡಿಯಾತನ ಜೋಡಿಯ ಅರ್ಥ ಮುಂದೆ ತಿಳಿಯಿತು. ಅಂದಿನ ಹವ್ಯಾಸಿಗಳ ಒಳ್ಳೆಯ ಸೆಟ್ಟುಗಳಲ್ಲಿ ‘ಸೂಪರ್‌ಹೆಟ್’ ಗ್ರಾಹಕವಿರುತ್ತಿತ್ತು. ಅದರೊಳಗೂ ಒಂದು ಸ್ಫಟಿಕವಿದ್ದು, ಅದರ ಆವೃತ್ತಿಯು ಪ್ರೇಷಕದ್ದಕ್ಕಿಂತ 455 ಕಿಲೋಹರ್ಟ್ಸ್‌ನಷ್ಟು ಕಡಮೆಯಾಗಿರುತ್ತದೆ. ಪ್ರೇಷಕದಲ್ಲಿ 27.145 ಇದ್ದರೆ ಗ್ರಾಹಕದಲ್ಲಿ 26.690. ಈ ಎರಡರ ಅಂತರವಾಗಿ ಹುಟ್ಟುವ 455ರ ದನಿಯನ್ನು ಮಾತ್ರ ಇಕ್ಕಟ್ಟಾದ ಜರಡಿಯಲ್ಲಿ ಸೋಸಿ ತೆಗೆದುಕೊಂಡು, ಅಕ್ಕಪಕ್ಕದ ದನಿಗಳನ್ನೆಲ್ಲ ಆ ಗ್ರಾಹಕವು ಬದಿಗೊತ್ತುತ್ತದೆ. ಪ್ರೇಷಕದ್ದಕ್ಕೆ ಟೀಎಕ್ಸ್, ಗ್ರಾಹಕದ್ದಕ್ಕೆ ಆರ್‌ಎಕ್ಸ್ ಎಂಬ ಗುರುತುಗಳುಳ್ಳ ಈ ಜೋಡಿಗಳನ್ನು ತಪ್ಪಿ ಅದಲುಬದಲು ಚುಚ್ಚಿದರೆ ಗಾಡಿ ಅಲುಗದು. 27 ಮೆಗಾಹರ್ಟ್ಸ್‌ನ ಪಟ್ಟಿಯಲ್ಲಿ ಹವ್ಯಾಸಿಗಳಿಗೆ ಆರು ಸ್ಥಾನಗಳು, ಒಂದೊಂದಕ್ಕೆ ಒಂದೊಂದು ಬಣ್ಣ: ಕಂದು, ಕೆಂಪು, ಕಿತ್ತಳೆ, ಹಳದಿ, ಹಸುರು, ನೀಲಿ. ನಮ್ಮ 27.145 ಹಳದಿಯದು. ಪ್ರೇಷಕದ ನೀಳವಾದ ಆಂಟೆನಾದ ತುದಿಗೆ ಆಯಾ ಬಣ್ಣದ ಪಟ್ಟಿಯನ್ನು ಕಟ್ಟಿಕೊಂಡೇ ಮೈದಾನಕ್ಕೆ ಇಳಿಯಬೇಕಾಗಿತ್ತು.

ಈ ಬಣ್ಣದ ಪಟ್ಟಿಗಳಿಂದ ಹುಟ್ಟಿದ ಒಂದು ನಡವಳಿಕೆಯನ್ನು ನಾನು ಬಹುವಾಗಿ ಮೆಚ್ಚುತ್ತೇನೆ. ಜಗತ್ತಿನ ಅನೇಕ ಹವ್ಯಾಸಿ ಸಂಘಗಳ ಮೈದಾನಗಳಲ್ಲಿಯೂ ಒಂದು ಹಲಗೆಯ ಮೇಲೆ ಗೂಟಗಳನ್ನು ನೆಟ್ಟು, ತನ್ನ ಬಣ್ಣದ ಗೂಟವನ್ನು ಹಿಡಿದವನು ಮಾತ್ರ ಪ್ರೇಷಕವನ್ನು ಚಾಲೂ ಮಾಡತಕ್ಕದ್ದೆಂಬ ಕಟ್ಟು ಇತ್ತು. ಗೂಟದ ಹಲಗೆಯಿಲ್ಲದ ನಮ್ಮ ಬಯಲುಗಳಲ್ಲಿ ಬಾಯಿಮಾತೇ ಹಲಗೆಯಾಗಿತ್ತು. ಬಂದವನು ಮೊದಲು “ಯಾವ ಚಾನೆಲ್?” ಎಂದು ಎಲ್ಲರನ್ನೂ ಕೇಳುತ್ತಿದ್ದನು, ಹಳದಿಯವನು ಆಡುತ್ತಿದ್ದರೆ ಇನ್ನೊಬ್ಬ ಹಳದಿಯವನು ಮರದ ನೆರಳಿನಲ್ಲಿ ಕಾದು ಕೂಡುತ್ತಿದ್ದನು. ಅಪ್ಪನ ವಯಸ್ಸಿನವನು ಹತ್ತು ವರ್ಷದ ಹುಡುಗನ ಸರದಿ ಮುಗಿಯಲೆಂದು ಕಾಯುತ್ತಿದ್ದುದನ್ನು ನಾನು ಕಂಡಿದ್ದೇನೆ. ಆಕಾಶವು ಯಾರೊಬ್ಬರ ಸ್ವತ್ತೂ ಅಲ್ಲವೆಂಬುದನ್ನು ಇಷ್ಟು ಸ್ಪಷ್ಟವಾಗಿ ಕಲಿಸುವ ಪಾಠವನ್ನು ನಾನು ಬೇರೆ ಯಾವ ಆಟದಲ್ಲಿಯೂ ನೋಡಲಿಲ್ಲ. ಕೇಳದೆ ಗುಂಡಿಯೊತ್ತಿದವನಿಂದ ಇನ್ನೊಬ್ಬನ ವರ್ಷದ ದುಡಿಮೆಯ ಗಾಡಿಯು ಕಲ್ಲಿಗೆ ಬಡಿದು ಪುಡಿಯಾಗುತ್ತಿತ್ತು, ವಿಮಾನವಾದರೆ ನೆಲಕ್ಕೆ ಬೀಳುತ್ತಿತ್ತು.

ಪುಣೆಯಲ್ಲಿ ಈ ಹವ್ಯಾಸ ಹಬ್ಬಿದುದಕ್ಕೆ ಊರಿನ ಕಸುಬೂ ಕಾರಣವೆನ್ನಬೇಕು. ಆಕುರ್ಡಿಯಲ್ಲಿ ಬಜಾಜ್, ಪಿಂಪ್ರಿಯಲ್ಲಿ ಟೆಲ್ಕೊ, ವೇತಾಳ ಗುಡ್ಡದ ಮೇಲೆ 1966ರಲ್ಲಿ ಸ್ಥಾಪಿತವಾದ ವಾಹನ ಸಂಶೋಧನ ಸಂಸ್ಥೆ: ಊಟದ ಹೊತ್ತಿಗೂ ಗೇರು, ಸಸ್ಪೆನ್ಷನ್ನುಗಳ ಮಾತು ಕೇಳಿ ಬೆಳೆದ ಮಕ್ಕಳು ಸಾವಿರಾರು. ಆದರೆ 1980ರ ದಶಕದಲ್ಲಿಯೂ ಜಪಾನಿನ ಸೆಟ್ಟು ಬೇಕೆಂದರೆ ಸಿಂಗಾಪುರದಿಂದ ಬರುವ ಬಂಧುಗಳ ಪೆಟ್ಟಿಗೆಯೇ ಗತಿ. ಆಮದಿನ ಮೇಲಿದ್ದ ಪರಿಮಾಣ ನಿರ್ಬಂಧಗಳು 2001ರ ಏಪ್ರಿಲ್ 1ರಂದು ತೀರಿದ ಮೇಲೆಯೇ ಚೀನದ ಗಾಡಿಗಳು ಧಾರಾಳವಾಗಿ ಬಂದುವು.

2005ನೆಯ ವರ್ಷವು ಎರಡು ಕಾರಣಗಳಿಂದ ಸ್ಮರಣೀಯ. ಆ ವರ್ಷ ಭಾರತ ಸರ್ಕಾರವು 26.957ರಿಂದ 27.283 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ 5 ವ್ಯಾಟುಗಳ ಮಿತಿಯೊಳಗೂ, 2.4ರಿಂದ 2.4835 ಗಿಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ 4 ವ್ಯಾಟುಗಳ ಮಿತಿಯೊಳಗೂ ಬಳಸುವ ಅಲ್ಪಶಕ್ತಿಯ ಉಪಕರಣಗಳಿಗೆ ಲೈಸೆನ್ಸಿನಿಂದ ವಿನಾಯಿತಿ ಕೊಟ್ಟಿತು. 1933ರ ಅಧಿನಿಯಮದ ನೆರಳು ಹವ್ಯಾಸಿಯ ತಲೆಯ ಮೇಲಿಂದ ಬಹುಮಟ್ಟಿಗೆ ಸರಿದುದು ಆಗಲೇ. ಅದೇ ವರ್ಷ ಅಮೆರಿಕದಲ್ಲಿ ಸ್ಪೆಕ್ಟ್ರಮ್ ಎಂಬ ಹೆಸರಿನಲ್ಲಿ 2.4 ಗಿಗಾಹರ್ಟ್ಸ್‌ನ ಆರು ಚಾನೆಲ್ಲುಗಳ, ಎಂದರೆ ಆರು ಬೇರೆ ಬೇರೆ ಅಪ್ಪಣೆಗಳನ್ನು ಕಳುಹಿಸಬಲ್ಲ, ಹವ್ಯಾಸಿ ಪ್ರೇಷಕವು ಮಾರುಕಟ್ಟೆಗೆ ಬಂದಿತು. ಅಲ್ಲಿಂದ ಮುಂದೆ ಸ್ಫಟಿಕಗಳ ಯುಗ ಕೆಲವೇ ವರ್ಷಗಳಲ್ಲಿ ಅಸ್ತಂಗತವಾಯಿತು. 27 ಮೆಗಾಹರ್ಟ್ಸ್‌ನ ತರಂಗದ ಉದ್ದ 11 ಮೀಟರು, 2.4 ಗಿಗಾಹರ್ಟ್ಸ್‌ನದು ಹನ್ನೆರಡೂವರೆ ಸೆಂಟಿಮೀಟರು. ಮೈದಾನದಲ್ಲಿ ಈಟಿಗಳಂತೆ ಮೇಲೆದ್ದಿರುತ್ತಿದ್ದ ಆಂಟೆನಾಗಳು ಹೆಬ್ಬೆರಳಿನಷ್ಟಾದುವು. ಗ್ರಾಹಕದಿಂದ ಹೊರಟ ತೆಳುತಂತಿಯ ತುದಿಯಲ್ಲಿ ಮೂರು ಸೆಂಟಿಮೀಟರಿನಷ್ಟು ಬರಿಮೈ ಬಿಟ್ಟರೆ ಸಾಕಾಯಿತು.

ನಿಜವಾದ ಬದಲಾವಣೆ ಆದದ್ದು ಕಿವಿಯಲ್ಲಿ. ಹೊಸ ಪದ್ಧತಿಯಲ್ಲಿ ಪ್ರತಿಯೊಂದು ಪ್ರೇಷಕಕ್ಕೂ ಅದರದೇ ಆದ ಗುರುತಿನ ಸಂಖ್ಯೆಯುಂಟು. ಗ್ರಾಹಕಕ್ಕೆ ಆ ಸಂಖ್ಯೆಯನ್ನು ಒಮ್ಮೆ ಕಲಿಸುವುದಕ್ಕೆ ಹುಡುಗರು ‘ಬೈಂಡ್ ಮಾಡುವುದು’ ಎನ್ನುತ್ತಾರೆ. ಗುಂಡಿಯನ್ನು ಒತ್ತಿ ಹಿಡಿದಾಗ ಗ್ರಾಹಕದ ಕೆಂಪು ದೀಪ ಪಟಪಟನೆ ಮಿಣುಕುತ್ತದೆ, ಗುರುತು ಹತ್ತಿದೊಡನೆ ಸ್ಥಿರವಾಗಿ ನಿಲ್ಲುತ್ತದೆ. ಅಂದಿನಿಂದ ನೂರು ಜನ ಸುತ್ತಲೂ ಕೂಗಿದರೂ ಆ ಗಾಡಿ ತನ್ನ ಒಡೆಯನ ದನಿಗಲ್ಲದೆ ಓಗೊಡದು. ಪ್ರೇಷಕವೂ ಒಂದೇ ಸ್ಥಾನದಲ್ಲಿ ನಿಂತು ಮಾತನಾಡದೆ, ಪಟ್ಟಿಯ ಉದ್ದಕ್ಕೂ ಸ್ಥಾನದಿಂದ ಸ್ಥಾನಕ್ಕೆ ನೆಗೆಯುತ್ತಲೋ ತನ್ನ ಮಾತನ್ನು ಹರಡುತ್ತಲೋ ನಡೆಯುತ್ತದೆ. ಸರದಿಯನ್ನು ಕಾಯುವ ಕೆಲಸವನ್ನು ಯಂತ್ರಗಳೇ ವಹಿಸಿಕೊಂಡುವು. ಗಾಡಿಗಳು ಉಳಿದುವೆಂಬ ಸಂತೋಷದ ಜೊತೆಗೆ, “ಯಾವ ಚಾನೆಲ್?” ಎಂಬ ಆ ಮೊದಲ ಮಾತು ಮೈದಾನದಿಂದ ಮಾಯವಾಯಿತೆಂಬ ವ್ಯಥೆಯೂ ನನಗಿದೆ.

ಇನ್ನೊಂದು ನಷ್ಟವನ್ನು ಖಂಡಿತವಾಗಿ ಹೇಳಬೇಕು. ಬೈಂಡ್ ಮಾಡುವ ಭಾಷೆಯು ಒಂದೊಂದು ತಯಾರಕರದೂ ಬೇರೆ ಬೇರೆ. ಫ್ಯುಟಾಬಾದ ಪ್ರೇಷಕದ ಮಾತು ಸ್ಪೆಕ್ಟ್ರಮ್‌ನ ಗ್ರಾಹಕಕ್ಕೆ ತಿಳಿಯದು. ಫ್ಲೈಸ್ಕೈಯದು ಇವೆರಡಕ್ಕೂ ತಿಳಿಯದು. ಒಂದು ಪ್ರೇಷಕವನ್ನು ಕೊಂಡವನು ಅದರ ಭಾಷೆಯನ್ನಾಡುವ ಗ್ರಾಹಕಗಳಿಗೆ ಬಹುಮಟ್ಟಿಗೆ ಕಟ್ಟುಬೀಳುತ್ತಾನೆ. ಎಲ್ಲರಿಗೂ ತೆರೆದಿಟ್ಟ ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಎಂಬ ಪದ್ಧತಿಯನ್ನು ಹವ್ಯಾಸಿಗಳೇ ಕೂಡಿ ಕಟ್ಟಿದ್ದಾರೆ. ಅನೇಕ ತಯಾರಕರು ಅದನ್ನು ಒಪ್ಪಿ ಉಪಕರಣಗಳನ್ನು ಮಾಡುತ್ತಿದ್ದಾರೆ. ಅದು ಬೆಳೆಯಲೆಂದು ನಾನು ಮನಃಪೂರ್ವಕವಾಗಿ ಹಾರೈಸುತ್ತೇನೆ.

ಆಟವೆಂದು ಈ ವಿದ್ಯೆಯನ್ನು ಹಗುರವಾಗಿ ಕಾಣಬಾರದು. ಪುಣೆಯ ದಿಘಿಯಲ್ಲಿರುವ ರಕ್ಷಣಾ ಸಂಶೋಧನಾಲಯವು ರೂಪಿಸಿದ ‘ದಕ್ಷ’ವೆಂಬ ವಾಹನವು ಸುಮಾರು 500 ಮೀಟರು ದೂರದಿಂದ ನಿಸ್ತಂತುವಾಗಿ ನಡೆಸಿದಂತೆ ನಡೆದು, ಮೆಟ್ಟಿಲು ಹತ್ತಿ, ಬಾಂಬನ್ನು ಎತ್ತಿ ನಿಷ್ಕ್ರಿಯಗೊಳಿಸಬಲ್ಲದು, 2011ರಲ್ಲಿ ಅದರ ಮೊದಲ ತಂಡವು ಸೈನ್ಯಕ್ಕೆ ಸೇರಿತು. ಅಂಗಳದ ಜೀಪಿಗೂ ಅದಕ್ಕೂ ವಂಶ ಒಂದೇ. ಇನ್ನು ಕಿವಿಯ ಪರಾಕಾಷ್ಠೆಯನ್ನು ನೋಡಬೇಕೆನ್ನುವವರು ಪುಣೆಯಿಂದ ಉತ್ತರಕ್ಕೆ ನಾರಾಯಣಗಾವಿನ ಬಳಿಯ ಖೋಡದಕ್ಕೆ ಹೋಗಲಿ. ಖಗೋಳವಿಜ್ಞಾನಿ ಗೋವಿಂದ ಸ್ವರೂಪರ ನಾಯಕತ್ವದಲ್ಲಿ ಆ ಸೀಮೆಯಲ್ಲಿ ನಿಂತ 30 ಬೋಗುಣಿಯಾಕಾರದ ಆಂಟೆನಾಗಳು, ಒಂದೊಂದರ ವ್ಯಾಸ 45 ಮೀಟರು, ನಕ್ಷತ್ರಲೋಕದಿಂದ ಬರುವ ಬಾನುಲಿ ತರಂಗಗಳನ್ನು ಆಲಿಸುತ್ತವೆ. ಅವು ಯಾರಿಗೂ ಏನನ್ನೂ ಕಳುಹಿಸುವುದಿಲ್ಲ, ಬರಿದೆ ಕೇಳುತ್ತವೆ. ಆ ನೆಲವನ್ನು ಆರಿಸಿದ ಕಾರಣಗಳಲ್ಲಿ ಅಲ್ಲಿನ ಬಾನುಲಿ ಗದ್ದಲದ ಅಲ್ಪತೆಯೂ ಒಂದು. ದೌಂಡಿನಲ್ಲಿ ಕಿವಿಯನ್ನು ಪ್ರತ್ಯೇಕವಾಗಿಟ್ಟ ವಿವೇಕವೇ ಇಲ್ಲಿಯೂ ಕೆಲಸ ಮಾಡಿದೆ.

ಆದುದರಿಂದ, ಗಾಡಿಗೆ ಸೆಟ್ಟನ್ನು ಆರಿಸುವ ತಂದೆತಾಯಂದಿರಿಗೂ ಹುಡುಗರಿಗೂ ನನ್ನ ಮಾತು ಇಷ್ಟು. ಕಾರಿಗೆ ಎರಡು ಚಾನೆಲ್ಲುಗಳು ಸಾಕು, ತಿರುವಿಗೊಂದು ವೇಗಕ್ಕೊಂದು. ಮೂರನೆಯದಿದ್ದರೆ ದೀಪಕ್ಕೋ ಗೇರಿಗೋ ಆದೀತು. ಹತ್ತು ಚಾನೆಲ್ಲುಗಳ ಆಡಂಬರಕ್ಕೆ ಹಣ ಸುರಿಯಬೇಡಿ. ಚಕ್ರವೂ ಕುದುರೆಯೂ ಇರುವ ಪಿಸ್ತೂಲಿನಾಕಾರದ ಪ್ರೇಷಕವು ಕಾರಿಗೆ ಒಗ್ಗುತ್ತದೆ, ಎರಡು ಕೋಲುಗಳದು ದೋಣಿಗೂ ಟ್ಯಾಂಕಿಗೂ. ಅಂಗಡಿಯಲ್ಲಿ ಮೊದಲು ಕೇಳಬೇಕಾದುದು ಗ್ರಾಹಕದ ಬೆಲೆಯನ್ನು. ನಾಳೆ ಎರಡನೆಯ ಗಾಡಿ ಕಟ್ಟಿದಾಗ ನೀವು ಮತ್ತೆ ಕೊಳ್ಳುವುದು ಅದನ್ನೇ. ಸಂಬಂಧ ಕಡಿದಾಗ ಗಾಡಿಯನ್ನು ತಾನಾಗಿ ನಿಲ್ಲಿಸುವ ‘ಫೇಲ್‌ಸೇಫ್’ ಇಲ್ಲದ ಗ್ರಾಹಕವನ್ನು ಮನೆಗೆ ತರಬೇಡಿ. ತಂದ ದಿನವೇ ಗಾಡಿಯ ಚಕ್ರಗಳು ನೆಲಕ್ಕೆ ಮುಟ್ಟದಂತೆ ಇಟ್ಟಿಗೆಯ ಮೇಲೆ ಕೂಡಿಸಿ, ಚಕ್ರ ತಿರುಗುತ್ತಿರುವಾಗ ಪ್ರೇಷಕವನ್ನು ಆರಿಸಿ ನೋಡಿ. ಚಕ್ರ ನಿಂತರೆ ಸರಿ. ಆಮೇಲೆ ದಿನವೂ ಆಟಕ್ಕೆ ಹೊರಟಾಗ ಮೊದಲು ಪ್ರೇಷಕವನ್ನು ಹಚ್ಚಿ, ಅನಂತರ ಗಾಡಿಯನ್ನು. ಆಟ ಮುಗಿದಾಗ ಮೊದಲು ಗಾಡಿಯನ್ನು ಆರಿಸಿ, ಅನಂತರ ಪ್ರೇಷಕವನ್ನು.